‘ಆಮೇಲೆ’ ಹೊಡೆದುಹಾಕಿ ‘ಅದಕ್ಕೇ’ ಬರೆಯಿರಿ: ಆಧುನಿಕ ಯುರೋಪ್ ಇತಿಹಾಸದ ಪೇಪರ್ ಓದುವ ಬಗೆ

ಬಿಎ ಓದುವಾಗ ಆಧುನಿಕ ಯುರೋಪ್ ಪೇಪರಿನ ಇಂಟರ್ನಲ್ಸ್‌ನಲ್ಲಿ ನನಗೆ ಹತ್ತಕ್ಕೆ ಮೂರು ಬಂದಿತ್ತು. ಪ್ರಶ್ನೆ ಇಷ್ಟೇ: ಫ್ರೆಂಚ್ ಕ್ರಾಂತಿ, ಹೊಸ ಸಂವಿಧಾನ ಬಂದ 1791ಕ್ಕೇ ಯಾಕೆ ನಿಲ್ಲಲಿಲ್ಲ? ‘ಫ್ರೆಂಚ್ ಕ್ರಾಂತಿ’ ಅನ್ನೋ ಎರಡು ಪದ ಕಣ್ಣಿಗೆ ಬಿದ್ದದ್ದೇ ತಡ, ಗೈಡಿನಲ್ಲಿ ಉರು ಹೊಡೆದಿದ್ದನ್ನೆಲ್ಲ ಕಕ್ಕಿದೆ. ರಾಜಕೀಯ ಕಾರಣ, ಸಾಮಾಜಿಕ ಕಾರಣ, ಆರ್ಥಿಕ ಕಾರಣ, ತತ್ವಜ್ಞಾನಿಗಳ ಪ್ರಭಾವ. ನಾಲ್ಕು ಪುಟ. ಬರೆದದ್ದರಲ್ಲಿ ಒಂದೂ ತಪ್ಪಿರಲಿಲ್ಲ. ಕೇಳಿದ್ದಕ್ಕೆ ಉತ್ತರ ಮಾತ್ರ ಇರಲಿಲ್ಲ.

ಈ ಪೇಪರ್ ತಗೊಂಡ ಜಾಸ್ತಿ ಜನರ ಕಷ್ಟ ಇದೇ. ಕಾರಣಗಳ ಪಟ್ಟಿ ಬಾಯಿಗೆ ಬರುತ್ತದೆ. ಎರಡನೇ ಕಾರಣಕ್ಕೂ ಮೂರನೇ ಕಾರಣಕ್ಕೂ ಏನು ನಂಟು ಅಂತ ಕೇಳಿದರೆ ತಡವರಿಸುತ್ತಾರೆ. ಪಟ್ಟಿಯನ್ನು ಕತೆಯಾಗಿ ಕಟ್ಟೋದು ಹೇಗೆ, ಕಟ್ಟಿದ ಕತೆ ಗಟ್ಟಿಯಾಗಿದೆಯಾ ಅಂತ ನೋಡೋದು ಹೇಗೆ ಅನ್ನೋದನ್ನು ನಾನು ಮಾರ್ಕ್ಸ್ ಕಳೆದುಕೊಂಡೇ ಕಲಿತೆ. ನೀವು ಸೆಮಿಸ್ಟರ್ ಶುರುವಾದಾಗಲೇ ಇದನ್ನು ಹಿಡಿದರೆ ಆ ನಷ್ಟ ತಪ್ಪುತ್ತದೆ.

ಮೊದಲು ನಕ್ಷೆ, ಪುಸ್ತಕ ಆಮೇಲೆ

ಪಠ್ಯಪುಸ್ತಕ ತೆರೆಯುವ ಮುಂಚೆ ಯುರೋಪಿನ ನಾಲ್ಕು ನಕ್ಷೆ ಜೆರಾಕ್ಸ್ ಮಾಡಿಸಿಕೊಳ್ಳಿ. 1815, 1871, 1923ರ ಸುಮಾರಿನದು, ಎರಡನೇ ಮಹಾಯುದ್ಧ ಮುಗಿದ ಮೇಲಿನದು. ಲೈಬ್ರರಿಯಲ್ಲಿರುವ ಇತಿಹಾಸದ ಅಟ್ಲಾಸ್‌ನಲ್ಲಿ ಸಿಗುತ್ತವೆ. ನಾಲ್ಕನ್ನೂ ಪಕ್ಕಪಕ್ಕ ಹರಡಿಕೊಂಡು ಕೂತು, ಯಾವುದು ಮಾಯವಾಗಿದೆ, ಯಾವುದು ಹೊಸದಾಗಿ ಬಂದಿದೆ ಅಂತ ಪೆನ್ಸಿಲ್‌ನಲ್ಲಿ ಗುರುತು ಹಾಕಿ.

1815ರ ನಕ್ಷೆಯಲ್ಲಿ ಜರ್ಮನಿ ಅನ್ನೋ ದೇಶ ಹುಡುಕಿದರೆ ಸಿಗೋದಿಲ್ಲ. ಅಲ್ಲಿರೋದು 39 ರಾಜ್ಯಗಳ ಒಂದು ಸಡಿಲ ಒಕ್ಕೂಟ. ಇಟಲಿಯೂ ಹಾಗೇ ಚೂರುಚೂರು. 1871ಕ್ಕೆ ಬಂದರೆ ಎರಡೂ ಇಡೀ ದೇಶಗಳಾಗಿ ನಿಂತಿವೆ. ಪೋಲೆಂಡನ್ನು ಅಕ್ಕಪಕ್ಕದ ರಾಜರು 1772, 1793, 1795ರಲ್ಲಿ ಮೂರು ಸಲ ಹರಿದು ಹಂಚಿಕೊಂಡಿದ್ದರು. ಅದು ಮತ್ತೆ ಸ್ವತಂತ್ರ ದೇಶವಾಗಿದ್ದು 1918ರಲ್ಲಿ. ಇನ್ನು ಆಸ್ಟ್ರಿಯಾ-ಹಂಗೇರಿ. 1871ರಲ್ಲಿ ಖಂಡದ ನಡುಮಧ್ಯೆ ಆನೆ ಮಲಗಿದ ಹಾಗೆ ಇದೆ. 1923ರಲ್ಲಿ ಇಲ್ಲವೇ ಇಲ್ಲ. ಅಷ್ಟು ದೊಡ್ಡದು ಎಲ್ಲಿ ಹೋಯ್ತು? ಇಂಥ ಪ್ರಶ್ನೆಗಳನ್ನು ನಕ್ಷೆಯ ಅಂಚಿನಲ್ಲೇ ಬರೆದಿಡಿ. ನಿಮ್ಮ ಸಿಲಬಸ್‌ನ ಅರ್ಧ ಭಾಗ ಅಲ್ಲೇ ಬಂದುಬಿಡುತ್ತದೆ.

‘ಏಕೀಕರಣ’ ಅನ್ನೋ ಪದ ನಮಗೆ ಹಳೆಯ ಪರಿಚಯ. 1956ಕ್ಕಿಂತ ಮುಂಚೆ ಕನ್ನಡದ ಊರುಗಳು ಮೈಸೂರು, ಮುಂಬೈ, ಹೈದರಾಬಾದ್, ಮದ್ರಾಸ್, ಕೊಡಗು ಅಂತ ಹಂಚಿಹೋಗಿದ್ದನ್ನು ನೆನಪಿಸಿಕೊಂಡರೆ ಚೂರುಗಳ ಚಿತ್ರ ಬೇಗ ಹಿಡಿಯುತ್ತದೆ. ಹೋಲಿಕೆ ಅಲ್ಲಿಗೇ ಸಾಕು. ಜರ್ಮನ್ ರಾಜ್ಯಗಳಲ್ಲಿ ದೊಡ್ಡದಾದ ಪ್ರಷ್ಯಾದ ಪ್ರಧಾನಿ ಬಿಸ್ಮಾರ್ಕ್ ಜರ್ಮನಿಯನ್ನು ಕಟ್ಟಿದ್ದು 1864ರಲ್ಲಿ ಡೆನ್ಮಾರ್ಕ್, 1866ರಲ್ಲಿ ಆಸ್ಟ್ರಿಯಾ, 1870ರಲ್ಲಿ ಫ್ರಾನ್ಸ್ ಮೇಲೆ ಯುದ್ಧ ಮಾಡಿ.

ಒಂಬತ್ತು ಗೂಟ

ಇಸವಿಗಳ ಭಯ ಇರುವವರಿಗೆ ಒಂದು ಸಮಾಧಾನ. ಶುರುವಿನಲ್ಲಿ ಒಂಬತ್ತೇ ಸಾಕು: 1789, 1815, 1848, 1871, 1914, 1917, 1933, 1945, 1989. ಇವು ಗೂಟಗಳು. ಮಿಕ್ಕದ್ದನ್ನೆಲ್ಲ ಇವಕ್ಕೇ ಕಟ್ಟಬೇಕು. ಇಟಲಿಯ ಏಕೀಕರಣಕ್ಕೆ ಹೋರಾಡಿದ ಗ್ಯಾರಿಬಾಲ್ಡಿ ಸಿಸಿಲಿಗೆ ಇಳಿದದ್ದು ಯಾವಾಗ? 1848ರ ಕ್ರಾಂತಿಗಳು ಸೋತ ಮೇಲೆ, 1871ಕ್ಕಿಂತ ಮುಂಚೆ. 1860 ಅನ್ನೋದು ತಡವಾಗಿ ನೆನಪಾದರೂ ತೊಂದರೆಯಿಲ್ಲ, ಜಾಗ ಗೊತ್ತಿದ್ದರೆ ಆಯ್ತು.

ಗೂಟಗಳ ನಡುವೆ ಕೆಲವು ಹಗ್ಗಗಳು ತಾವಾಗಿಯೇ ಸಿಗುತ್ತವೆ. ಹೊಸ ಜರ್ಮನ್ ಸಾಮ್ರಾಜ್ಯವನ್ನು 1871ರ ಜನವರಿ 18ರಂದು ಘೋಷಿಸಿದ್ದು ಜರ್ಮನಿಯಲ್ಲಲ್ಲ. ಸೋತ ಫ್ರಾನ್ಸಿನ ವರ್ಸೈ ಅರಮನೆಯ ಕನ್ನಡಿ ಸಭಾಂಗಣದಲ್ಲಿ. 1919ರಲ್ಲಿ, ಮೊದಲ ಮಹಾಯುದ್ಧದಲ್ಲಿ ಸೋತ ಜರ್ಮನಿಯಿಂದ ವರ್ಸೈ ಒಪ್ಪಂದಕ್ಕೆ ಸಹಿ ಹಾಕಿಸಿಕೊಂಡದ್ದೂ ಅದೇ ಸಭಾಂಗಣದಲ್ಲಿ. ಅದು ಜೂನ್ 28. ಐದು ವರ್ಷ ಮುಂಚೆ ಅದೇ ದಿನ ಸರಾಯೆವೋದಲ್ಲಿ ಆಸ್ಟ್ರಿಯಾದ ಯುವರಾಜನಿಗೆ ಗುಂಡು ಬಿದ್ದಿತ್ತು. ನವೆಂಬರ್ 9 ಕೂಡ ಹೀಗೇ: 1918ರಲ್ಲಿ ಜರ್ಮನ್ ಗಣರಾಜ್ಯದ ಘೋಷಣೆ, 1923ರಲ್ಲಿ ಮ್ಯೂನಿಕ್‌ನಲ್ಲಿ ಹಿಟ್ಲರನ ದಂಗೆ ನೆಲಕಚ್ಚಿದ್ದು, 1938ರಲ್ಲಿ ಯಹೂದಿಗಳ ಅಂಗಡಿ, ಮಂದಿರಗಳ ಮೇಲಿನ ದಾಳಿ, 1989ರಲ್ಲಿ ಬರ್ಲಿನ್ ಗೋಡೆ ತೆರೆದದ್ದು. ಒಂದೇ ತಾರೀಖಿಗೆ ನಾಲ್ಕು ಪಾಠ.

ಎಡವುವ ಜಾಗ ಒಂದಿದೆ. ರಷ್ಯಾದ ‘ಅಕ್ಟೋಬರ್ ಕ್ರಾಂತಿ’ ನಮ್ಮ ಕ್ಯಾಲೆಂಡರಿನಲ್ಲಿ 1917ರ ನವೆಂಬರ್ 7. ಆಗ ರಷ್ಯಾದಲ್ಲಿ ಇನ್ನೂ ಹಳೆಯ ಜೂಲಿಯನ್ ಪಂಚಾಂಗ ಇತ್ತು, 13 ದಿನ ಹಿಂದೆ. ಎರಡು ಪುಸ್ತಕದಲ್ಲಿ ಎರಡು ತಾರೀಖು ಕಂಡರೆ ಗಾಬರಿ ಬೇಡ, ಎರಡೂ ಸರಿ.

ಹೆಸರುಗಳ ಕಾಟ

ನೋಟ್‌ಬುಕ್ಕಿನ ಕೊನೆಯ ನಾಲ್ಕು ಹಾಳೆ ಹೆಸರಿಗಾಗಿ ಮೀಸಲಿಡಿ. ಒಂದು ಕನ್ನಡ ಪುಸ್ತಕ ‘ವರ್ಸೇಲ್ಸ್’ ಅನ್ನುತ್ತದೆ, ಇನ್ನೊಂದು ‘ವರ್ಸೈ’ ಅನ್ನುತ್ತದೆ. ಲೂಯಿ, ಲೂಯಿಸ್ ಎರಡೂ ಒಬ್ಬನೇ. ಬೂರ್ಜ್ವಾ ಪದಕ್ಕಂತೂ ಎಷ್ಟು ರೂಪವೋ. ನೀವು ಒಂದು ರೂಪ ಆರಿಸಿಕೊಂಡು ಪರೀಕ್ಷೆಯವರೆಗೂ ಅದನ್ನೇ ಬಳಸಿ. ಪಕ್ಕದಲ್ಲಿ ಇಂಗ್ಲಿಷ್ ಕಾಗುಣಿತವನ್ನೂ ಬರೆದುಕೊಳ್ಳಿ. ಕನ್ನಡ ಮಾಧ್ಯಮದಲ್ಲಿ ಓದುವವರು ಮುಂದೆ ಇಂಗ್ಲಿಷ್ ಪುಸ್ತಕ ಹಿಡಿದಾಗ ಅದು ಕೈ ಹಿಡಿಯುತ್ತದೆ.

ಈಗ ಮುಖ್ಯ ಕೆಲಸ: ಸರಪಳಿ ಕಟ್ಟುವುದು

ಒಂದು ಅಧ್ಯಾಯವನ್ನು ಒಮ್ಮೆ ಸುಮ್ನೆ ಓದಿ. ಗೆರೆ ಎಳೆಯಬೇಡಿ, ನೋಟ್ಸ್ ಮಾಡಬೇಡಿ. ಆಮೇಲೆ ಪುಸ್ತಕ ಮುಚ್ಚಿ, ಊಟದ ಹೊತ್ತಿಗೆ ತಮ್ಮನಿಗೋ ತಂಗಿಗೋ ಹೇಳುವ ಹಾಗೆ ಕತೆ ಬರೆಯಿರಿ. ಹೀಗೆ ಬರೆದಾಗ ಪ್ರತಿ ಸಾಲೂ ‘ಆಮೇಲೆ’ ಅಂತ ಶುರುವಾಗಿರುತ್ತದೆ. ಆಮೇಲೆ ಬರ ಬಂತು, ಆಮೇಲೆ ಸಭೆ ಸೇರಿತು, ಆಮೇಲೆ ಪ್ಯಾರಿಸ್ಸಿನ ಸೆರೆಮನೆ-ಕೋಟೆ ಬಾಸ್ಟೀಲ್ ಬಿತ್ತು. ಈಗ ಪುಸ್ತಕ ತೆರೆಯಿರಿ. ಒಂದೊಂದೇ ‘ಆಮೇಲೆ’ ಹೊಡೆದುಹಾಕಿ ಅಲ್ಲಿ ‘ಅದಕ್ಕೇ’ ಅಂತ ಬರೆಯಲು ಆಗುತ್ತದಾ ನೋಡಿ. ಆಗದಿದ್ದರೆ ನಡುವೆ ಏನೋ ಒಂದು ಕೊಂಡಿ ಬಿಟ್ಟುಹೋಗಿದೆ ಅಂತ ಅರ್ಥ. ಹುಡುಕಬೇಕಾದ್ದು ಆ ಕೊಂಡಿಯನ್ನೇ.

ಫ್ರಾನ್ಸನ್ನೇ ತಗೊಳ್ಳಿ. ಅಮೆರಿಕದ ಸ್ವಾತಂತ್ರ್ಯ ಯುದ್ಧದಲ್ಲಿ ಬ್ರಿಟನ್ ವಿರುದ್ಧ ಫ್ರಾನ್ಸ್ ಸಾಲ ಮಾಡಿ ಕಾದಿತು. ಅದಕ್ಕೇ 1788ರ ಹೊತ್ತಿಗೆ ಸರ್ಕಾರದ ಖರ್ಚಿನಲ್ಲಿ ಸುಮಾರು ಅರ್ಧ ಹಳೆಯ ಸಾಲ ತೀರಿಸುವುದಕ್ಕೇ ಹೋಗುತ್ತಿತ್ತು. ಅದಕ್ಕೇ ಹೊಸ ತೆರಿಗೆ ಬೇಕಾಯಿತು. ತೆರಿಗೆಯ ಭಾರವೆಲ್ಲ ಆಗಲೇ ರೈತರ ಮೇಲಿತ್ತು. ಉಳಿದಿದ್ದವರು ಪಾದ್ರಿಗಳು ಮತ್ತು ಶ್ರೀಮಂತರು. ಅವರನ್ನು 1787ರಲ್ಲಿ ಕರೆದು ಕೇಳಿದರೆ, ನಮಗೆ ಅದನ್ನು ಒಪ್ಪುವ ಅಧಿಕಾರ ಇಲ್ಲ ಅಂತ ಜಾರಿಕೊಂಡರು. ಅದಕ್ಕೇ ರಾಜ 1614ರಿಂದ ಸೇರದೇ ಇದ್ದ, ಮೂರೂ ವರ್ಗಗಳ ಪ್ರತಿನಿಧಿಗಳ ಎಸ್ಟೇಟ್ಸ್ ಜನರಲ್ ಸಭೆ ಕರೆಯಬೇಕಾಯಿತು. ಅಲ್ಲಿ ಒಂದೊಂದು ವರ್ಗಕ್ಕೆ ಒಂದೊಂದು ಮತ ಅನ್ನೋ ಹಳೆಯ ಪದ್ಧತಿ. ಪಾದ್ರಿಗಳದ್ದು ಮೊದಲ ವರ್ಗ, ಶ್ರೀಮಂತರದ್ದು ಎರಡನೇದು. ಮಿಕ್ಕವರೆಲ್ಲ ಸೇರಿ ಜನಸಂಖ್ಯೆಯಲ್ಲಿ ನೂರಕ್ಕೆ 97ಕ್ಕಿಂತ ಹೆಚ್ಚಿದ್ದ ಮೂರನೇ ವರ್ಗ ಯಾವಾಗಲೂ ಎರಡಕ್ಕೆ ಒಂದರಲ್ಲಿ ಸೋಲುತ್ತದೆ. ಅದಕ್ಕೇ ಅವರು 1789ರ ಜೂನ್ 17ರಂದು ‘ನಾವೇ ರಾಷ್ಟ್ರೀಯ ಸಭೆ’ ಅಂದುಬಿಟ್ಟರು.

ಇಲ್ಲಿಯವರೆಗೆ ಸರಪಳಿ ಸಲೀಸು. ಇದರಿಂದ ಬಾಸ್ಟೀಲ್‌ಗೆ ಹೇಗೆ ಹೋಗ್ತೀರಿ? ಜಾಸ್ತಿ ನೋಟ್ಸ್‌ಗಳಲ್ಲಿ ಇಲ್ಲೊಂದು ದೊಡ್ಡ ಜಿಗಿತ ಇರುತ್ತದೆ. ಬಿಟ್ಟುಹೋದ ಕೊಂಡಿಗಳು ಮೂರು. 1788ರ ಬೆಳೆ ಕೆಟ್ಟು ಪ್ಯಾರಿಸ್‌ನಲ್ಲಿ ರೊಟ್ಟಿ ತುಟ್ಟಿಯಾಗಿತ್ತು. ರಾಜ ನಗರದ ಸುತ್ತ ಸೈನ್ಯ ತಂದು ನಿಲ್ಲಿಸಿದ್ದ. ಜುಲೈ 11ರಂದು ಜನ ನಂಬಿದ್ದ ಹಣಕಾಸು ಮಂತ್ರಿ ನೆಕರ್‌ನನ್ನು ತೆಗೆದುಹಾಕಿದ. ನಮ್ಮ ಮೇಲೆ ಬೀಳುತ್ತಾರೆ ಅಂತ ಪ್ಯಾರಿಸ್ ನಡುಗಿತು. ಅದಕ್ಕೇ ಜುಲೈ 14ರ ಬೆಳಿಗ್ಗೆ ಜನ ಮೊದಲು ಸೈನಿಕರ ಆಸ್ಪತ್ರೆಯಾದ ಇನ್ವಾಲಿಡ್‌ಗೆ ನುಗ್ಗಿ ಬಂದೂಕು ತಂದರು. ಬಂದೂಕಿಗೆ ಮದ್ದು ಬೇಕಲ್ವಾ? ಅದು ಇದ್ದದ್ದು ಬಾಸ್ಟೀಲ್‌ನಲ್ಲಿ. ಕೈದಿಗಳನ್ನು ಬಿಡಿಸಲು ಹೋದರು ಅಂತ ನಾವು ಓದಿಕೊಂಡಿರುತ್ತೇವೆ. ಒಳಗಿದ್ದವರು ಏಳೇ ಜನ. ಜನ ಹೋದದ್ದು ಸಿಡಿಮದ್ದಿಗೆ. ಈ ಒಂದು ಕೊಂಡಿ ಗೊತ್ತಿದ್ದವರ ಉತ್ತರ ತಾನಾಗಿಯೇ ಬೇರೆ ಆಗುತ್ತದೆ.

ಅದೇ ದಿನ ಹದಿನಾರನೇ ಲೂಯಿ ತನ್ನ ದಿನಚರಿಯಲ್ಲಿ ಬರೆದದ್ದು ಒಂದೇ ಪದ: ‘ಏನಿಲ್ಲ’. ಇದನ್ನು ರಾಜನ ದಡ್ಡತನಕ್ಕೆ ಸಾಕ್ಷಿ ಅಂತ ಹೇಳಿ ನಗುವವರಿದ್ದಾರೆ. ಆ ದಿನಚರಿ ಮುಖ್ಯವಾಗಿ ಅವನ ಬೇಟೆಯ ಲೆಕ್ಕದ ಪುಸ್ತಕ. ಅವತ್ತು ಬೇಟೆ ಇರಲಿಲ್ಲ, ಅಷ್ಟೇ. ಯಾವ ಕಾಗದವನ್ನೇ ಆಗಲಿ, ಯಾಕೆ ಬರೆದದ್ದು ಅಂತ ಕೇಳದೆ ಸಾಕ್ಷಿಯಾಗಿ ಬಳಸಬೇಡಿ.

ಇದೇ ಸರಪಳಿಗೆ ನಮ್ಮ ಶ್ರೀರಂಗಪಟ್ಟಣದ ಒಂದು ಎಳೆಯೂ ಸೇರುತ್ತದೆ. ಬ್ರಿಟಿಷರ ವಿರುದ್ಧ ನೆರವು ಕೇಳಲು ಟಿಪ್ಪು ಕಳಿಸಿದ ಮೂವರು ರಾಯಭಾರಿಗಳು 1788ರ ಆಗಸ್ಟ್‌ನಲ್ಲಿ ವರ್ಸೈನಲ್ಲಿ ಲೂಯಿಯನ್ನು ಕಂಡರು. ಅದೇ ತಿಂಗಳು ರಾಜನ ಖಜಾನೆ ಸಾಲಗಾರರಿಗೆ ಪಾವತಿ ನಿಲ್ಲಿಸಿತ್ತು, ಎಸ್ಟೇಟ್ಸ್ ಜನರಲ್‌ಗೆ ದಿನ ಗೊತ್ತಾಗಿತ್ತು. ಟಿಪ್ಪುವಿಗೆ ಬೇಕಾದ ಸೈನ್ಯ ಸಿಗಲಿಲ್ಲ. ಮುಂದೆ 1799ರ ಮೇ 4ರಂದು ಶ್ರೀರಂಗಪಟ್ಟಣ ಬಿದ್ದಾಗ ಬ್ರಿಟಿಷ್ ಪಡೆಯಲ್ಲಿದ್ದ ಆರ್ಥರ್ ವೆಲ್ಲೆಸ್ಲಿಯೇ 1815ರಲ್ಲಿ ವಾಟರ್ಲೂನಲ್ಲಿ ನೆಪೋಲಿಯನ್‌ನನ್ನು ಸೋಲಿಸಿದವನು. ಪರೀಕ್ಷೆಗೆ ಇದು ಬರುತ್ತೋ ಇಲ್ಲವೋ, ನೆನಪಿಗೆ ಮಾತ್ರ ಒಳ್ಳೆಯ ಕೊಕ್ಕೆ.

ಕೈಗಾರಿಕಾ ಕ್ರಾಂತಿಗೆ ಬಂದಾಗ ಈ ಸರಪಳಿ ಸ್ವಲ್ಪ ತಿಣುಕುತ್ತದೆ. ಅಲ್ಲಿ ಒಂದು ದಿನ, ಒಂದು ಘಟನೆ ಅಂತ ಇಲ್ಲ. ಜೇಮ್ಸ್ ವಾಟ್ ಪೇಟೆಂಟ್ ಪಡೆದ 1769ರಿಂದ ಲಿವರ್‌ಪೂಲ್-ಮ್ಯಾಂಚೆಸ್ಟರ್ ರೈಲು ಓಡಿದ 1830ರವರೆಗೆ ನಿಧಾನವಾಗಿ ಹರಡಿದ್ದು ಅದು. ಅದಕ್ಕೆ ‘ಯಾಕೆ ಇಂಗ್ಲೆಂಡಿನಲ್ಲೇ ಮೊದಲು?’ ಅನ್ನೋ ಒಂದು ಪ್ರಶ್ನೆ ಇಟ್ಟುಕೊಂಡು ಓದಿದರೆ ಸಾಕು.

‘ಅದಕ್ಕೇ’ಯನ್ನು ನಂಬಬೇಡಿ, ಎಳೆದು ನೋಡಿ

ಸರಪಳಿ ಕಟ್ಟೋದು ರೂಢಿಯಾದ ಮೇಲೆ ಇನ್ನೊಂದು ಅಪಾಯ ಶುರುವಾಗುತ್ತದೆ. ಎಲ್ಲದಕ್ಕೂ ಎಲ್ಲವನ್ನೂ ಗಂಟು ಹಾಕಿಬಿಡುತ್ತೇವೆ. ಎಲ್ಲರಿಗೂ ಬಾಯಿಪಾಠವಾಗಿರುವ ಸಾಲು ಇದು: ವರ್ಸೈ ಒಪ್ಪಂದ ಜರ್ಮನಿಗೆ ಅವಮಾನ ಮಾಡಿತು, ಅದಕ್ಕೇ ಹಿಟ್ಲರ್ ಬಂದ.

ಕೇಳಲು ಚೆನ್ನಾಗಿದೆ. ಒಂದು ಪ್ರಶ್ನೆ ಹಾಕಿ: ಹಾಗಿದ್ದರೆ ಅವತ್ತೇ ಯಾಕೆ ಬರಲಿಲ್ಲ? ಒಪ್ಪಂದ ಆದದ್ದು 1919ರಲ್ಲಿ. ಒಂಬತ್ತು ವರ್ಷ ಆದ ಮೇಲೆ, 1928ರ ಚುನಾವಣೆಯಲ್ಲಿ ಹಿಟ್ಲರನ ಪಕ್ಷಕ್ಕೆ ಬಂದದ್ದು ಶೇ. 2.6 ಮತ. ಅವಮಾನ ಅಷ್ಟು ದಿನ ಎಲ್ಲಿ ಮಲಗಿತ್ತು? 1930ರಲ್ಲಿ ಅದು ಶೇ. 18ಕ್ಕೆ ಏರಿತು. 1932ರ ಜುಲೈನಲ್ಲಿ ಶೇ. 37. ಹಾಗಾದರೆ 1928 ಮತ್ತು 1930ರ ನಡುವೆ ಏನಾಯಿತು? 1929ರ ಅಕ್ಟೋಬರ್‌ನಲ್ಲಿ ಅಮೆರಿಕದ ಷೇರುಪೇಟೆ ಕುಸಿಯಿತು, ಅಲ್ಲಿಂದ ಬರುತ್ತಿದ್ದ ಸಾಲ ನಿಂತಿತು. 1932ಕ್ಕೆ ಜರ್ಮನಿಯಲ್ಲಿ ಕೆಲಸ ಇಲ್ಲದವರು ಸುಮಾರು 60 ಲಕ್ಷ.

ಅಲ್ಲಿಗೂ ಮುಗಿಯಲಿಲ್ಲ. 1932ರ ನವೆಂಬರ್‌ನಲ್ಲಿ ಮತ್ತೆ ಚುನಾವಣೆ ಆದಾಗ ಹಿಟ್ಲರನ ಮತ ಶೇ. 33ಕ್ಕೆ ಇಳಿಯಿತು. ಸೋಷಿಯಲ್ ಡೆಮಾಕ್ರಟರು, ಕಮ್ಯುನಿಸ್ಟರು ಇಬ್ಬರನ್ನೂ ಕೂಡಿದರೆ ಅವನಿಗಿಂತ ಜಾಸ್ತಿ ಸೀಟು ಅವರ ಹತ್ತಿರ ಇದ್ದವು. ಆದರೆ ಅವರಿಗೆ ಒಬ್ಬರನ್ನೊಬ್ಬರು ಕಂಡರೆ ಆಗುತ್ತಿರಲಿಲ್ಲ. ಮತ ಇಳಿಯುತ್ತಿದ್ದವನನ್ನು 1933ರ ಜನವರಿ 30ರಂದು ಚಾನ್ಸಲರ್ ಮಾಡಿದ್ದು ಅಧ್ಯಕ್ಷ ಹಿಂಡೆನ್‌ಬರ್ಗ್. ಹಿಟ್ಲರನನ್ನು ನಾವು ಹದ್ದುಬಸ್ತಿನಲ್ಲಿ ಇಡಬಲ್ಲೆವು ಅಂದುಕೊಂಡ ಸಂಪ್ರದಾಯವಾದಿ ರಾಜಕಾರಣಿಗಳ ಮಾತು ಕೇಳಿ. ನೋಡಿ, ‘ಅವತ್ತೇ ಯಾಕೆ ಆಗಲಿಲ್ಲ?’ ಅನ್ನೋ ಒಂದೇ ಪ್ರಶ್ನೆ ಎಳೆದುಕೊಂಡು ಹೋಗಿ ಒಪ್ಪಂದದಿಂದ ಆರ್ಥಿಕ ಕುಸಿತಕ್ಕೆ, ಅಲ್ಲಿಂದ ಬಾಗಿಲ ಹಿಂದಿನ ಲೆಕ್ಕಾಚಾರಕ್ಕೆ ತಂದು ನಿಲ್ಲಿಸಿತು. ವರ್ಸೈ ಕಾರಣವೇ ಅಲ್ಲ ಅಂತಲ್ಲ. ಅದು ಒಣಗಿದ ಸೌದೆ. ಕಡ್ಡಿ ಗೀರಿದ್ದು ಬೇರೆ.

ಮೂಲದ ಕಾಗದ ಒಂದಾದರೂ ಓದಿ

ಮೊದಲ ಸೆಮಿಸ್ಟರಿನಲ್ಲಿ ಯಾರೂ ದಾಖಲೆಗಳ ರಾಶಿ ಓದು ಅನ್ನೋದಿಲ್ಲ. ಒಂದು ಘಟನೆಗೆ ಒಂದು ಸಾಕು, ಅರ್ಧ ಪುಟದ್ದಾದರೂ ಸರಿ. ವರ್ಸೈ ಒಪ್ಪಂದದ 231ನೇ ಕಲಂ ಒಳ್ಳೆಯ ಆಯ್ಕೆ. ಎಲ್ಲ ಪುಸ್ತಕಗಳೂ ಅದನ್ನು ‘ಯುದ್ಧಾಪರಾಧದ ಕಲಂ’ ಅಂತಲೋ ‘ತಪ್ಪೊಪ್ಪಿಗೆಯ ಕಲಂ’ ಅಂತಲೋ ಕರೆಯುತ್ತವೆ. ತೆಗೆದು ಓದಿದರೆ ಅಪರಾಧ ಅನ್ನೋ ಪದವೇ ಅಲ್ಲಿಲ್ಲ. ಇರೋದು ಹೊಣೆ ಅನ್ನೋ ಪದ: ಜರ್ಮನಿ ಮತ್ತು ಅದರ ಮಿತ್ರರ ಆಕ್ರಮಣದಿಂದ ಆದ ನಷ್ಟಕ್ಕೆ ಅವರೇ ಹೊಣೆ ಅಂತ. ಇನ್ನೊಂದು ಸಾಲು ಕೆಳಗೆ ಇಳಿಯಿರಿ. 232ನೇ ಕಲಂ, ಪೂರ್ತಿ ನಷ್ಟ ತುಂಬಿಕೊಡುವಷ್ಟು ಸಂಪತ್ತು ಜರ್ಮನಿಗೆ ಇಲ್ಲ ಅಂತ ತಾನೇ ಒಪ್ಪಿಕೊಳ್ಳುತ್ತದೆ. ಇಂಥದ್ದೇ ಕಲಂ ಆಸ್ಟ್ರಿಯಾ, ಹಂಗೇರಿ ಜತೆಗಿನ ಒಪ್ಪಂದಗಳಲ್ಲೂ ಇತ್ತು.

ಹಾಗಿದ್ದರೆ ಜರ್ಮನರು ಸುಮ್ನೆ ಸಿಟ್ಟಾದರಾ? ಅಲ್ಲ. ಕಾಗದದಲ್ಲಿ ಇದ್ದದ್ದು ಒಂದು, ಜನ ಅದನ್ನು ಓದಿಕೊಂಡದ್ದು ಇನ್ನೊಂದು. ಎರಡೂ ಇತಿಹಾಸವೇ. ಉತ್ತರದಲ್ಲಿ ಈ ವ್ಯತ್ಯಾಸವನ್ನು ಎರಡು ಸಾಲಿನಲ್ಲಿ ತೋರಿಸಿದರೆ, ನೂರಾರು ಒಂದೇ ಥರದ ಪೇಪರ್ ತಿದ್ದಿ ಸುಸ್ತಾಗಿರುವ ಮೇಷ್ಟ್ರು ತಲೆ ಎತ್ತಿ ಕೂರುತ್ತಾರೆ.

ವಾದ ಇರುವ ಕಡೆ ಎರಡೂ ಕಡೆ ತಿಳಿದಿರಲಿ. 1961ರಲ್ಲಿ ಜರ್ಮನಿಯ ಇತಿಹಾಸಕಾರ ಫ್ರಿಟ್ಜ್ ಫಿಷರ್, ಮೊದಲ ಮಹಾಯುದ್ಧಕ್ಕೆ ದೊಡ್ಡ ಹೊಣೆ ನಮ್ಮ ದೇಶದ್ದೇ ಅಂತ ಬರೆದಾಗ ಅಲ್ಲಿ ಭಾರಿ ಜಗಳ ಎದ್ದಿತು. ಆ ಜಗಳ ಇನ್ನೂ ತಣ್ಣಗಾಗಿಲ್ಲ. ಅಂಥದ್ದರ ಬಗ್ಗೆ ‘ಇದೇ ಸತ್ಯ’ ಅಂತ ಷರಾ ಬರೆಯಬೇಡಿ. ಯಾರು ಏನು ಹೇಳುತ್ತಾರೆ, ನಿಮಗೆ ಯಾವುದು ಸರಿ ಕಾಣುತ್ತದೆ, ಯಾಕೆ ಅಂತ ಬರೆಯಿರಿ.

ಉತ್ತರ ಬರೆಯುವಾಗ

ಮೊದಲ ಐದು ನಿಮಿಷ ಪೆನ್ನು ಮುಟ್ಟಬೇಡಿ. ಪ್ರಶ್ನೆಯಲ್ಲಿ ಏನು ಕೇಳಿದ್ದಾರೆ ಅನ್ನೋ ಪದಕ್ಕೆ ಪೆನ್ಸಿಲ್‌ನಲ್ಲಿ ಸುತ್ತು ಹಾಕಿ. ‘ಕಾರಣಗಳು’ ಬೇರೆ, ‘ಪರಿಣಾಮ’ ಬೇರೆ, ‘ಎಷ್ಟರ ಮಟ್ಟಿಗೆ’ ಬೇರೆ.

ಹತ್ತಕ್ಕೆ ಮೂರು ತಂದುಕೊಟ್ಟ ನನ್ನ ಹಳೆಯ ಪ್ರಶ್ನೆಗೇ ವಾಪಸ್ ಬರೋಣ. ಗೈಡಿನ ಶೈಲಿಯ ಮೊದಲ ಸಾಲು ಹೀಗಿರುತ್ತದೆ: ‘ಫ್ರೆಂಚ್ ಕ್ರಾಂತಿಯು ವಿಶ್ವ ಇತಿಹಾಸದ ಒಂದು ಮಹತ್ವದ ಘಟನೆಯಾಗಿದೆ.’ ಈ ಸಾಲು ಯಾವ ಪ್ರಶ್ನೆಗೂ ಉತ್ತರ ಅಲ್ಲ. ಇವತ್ತು ನಾನಾದರೆ ಹೀಗೆ ಶುರು ಮಾಡುತ್ತೇನೆ: ‘1791ರ ಸಂವಿಧಾನ ರಾಜನನ್ನು ನಂಬಿ ನಿಂತಿತ್ತು. ಅದು ಜಾರಿಗೆ ಬರುವ ಮೂರು ತಿಂಗಳ ಮುಂಚೆಯೇ ಆ ನಂಬಿಕೆ ಹೋಗಿತ್ತು.’ ಮುಂದಿನ ಪ್ಯಾರಾದಲ್ಲಿ ಜೂನ್ ತಿಂಗಳಲ್ಲಿ ರಾಜ ಸಂಸಾರ ಸಮೇತ ಓಡಿಹೋಗಲು ನೋಡಿ ವರೆನ್‌ನಲ್ಲಿ ಸಿಕ್ಕಿಬಿದ್ದದ್ದು. ಅದರ ಮುಂದೆ, ಪಾದ್ರಿಗಳು ಹೊಸ ವ್ಯವಸ್ಥೆಗೆ ಪ್ರಮಾಣ ಮಾಡಬೇಕು ಅಂದದ್ದಕ್ಕೆ ಹಳ್ಳಿಹಳ್ಳಿಯೂ ಇಬ್ಭಾಗ ಆದದ್ದು. ಆಮೇಲೆ 1792ರ ಏಪ್ರಿಲ್‌ನಲ್ಲಿ ಆಸ್ಟ್ರಿಯಾ ಮೇಲೆ ಯುದ್ಧ, ಆ ಯುದ್ಧದಲ್ಲಿ ಸೋಲು, ರಾಜನೇ ಶತ್ರುವಿನ ಕಡೆ ಅನ್ನೋ ಗುಮಾನಿ. ಅದಕ್ಕೇ ಆಗಸ್ಟ್ 10ರಂದು ಜನ ಅರಮನೆಗೆ ನುಗ್ಗಿದ್ದು, ಸೆಪ್ಟೆಂಬರ್‌ನಲ್ಲಿ ಗಣರಾಜ್ಯ ಆದದ್ದು. ಒಂದೂವರೆ ಪುಟ ಸಾಕು. ನಾಲ್ಕು ಪುಟ ಬೇಕಿಲ್ಲ.

ಗೈಡ್ ಓದಲೇಬೇಡಿ ಅಂತ ಹೇಳುವಷ್ಟು ದೊಡ್ಡವನಲ್ಲ ನಾನು. ಬಸ್ಸಿನಲ್ಲಿ ಎರಡು ಗಂಟೆ ಓಡಾಡಿ ಕಾಲೇಜಿಗೆ ಬರುವವರಿಗೆ ಅದೇ ಗತಿ ಅನ್ನೋದು ಗೊತ್ತು. ಗೈಡನ್ನು ಕೊನೆಗೆ ಓದಿ, ನಿಮ್ಮ ಸರಪಳಿಯಲ್ಲಿ ಏನಾದರೂ ಬಿಟ್ಟುಹೋಗಿದೆಯಾ ಅಂತ ನೋಡಿಕೊಳ್ಳಲು.

ಪರೀಕ್ಷೆಗೆ ಒಂದು ವಾರ ಇರುವಾಗ

ಹೊಸದು ಓದೋದು ನಿಲ್ಲಿಸಿ. ದಿನಕ್ಕೊಂದು ಬಿಳಿ ಹಾಳೆ ತಗೊಂಡು ಯುರೋಪಿನ ನಕ್ಷೆ ನೆನಪಿನಿಂದ ಬರೆಯಿರಿ. ಇಟಲಿ ಬೂಟಿನ ಹಾಗೆ ಬಾರದಿದ್ದರೂ ಪರವಾಗಿಲ್ಲ. ಅದರ ಮೇಲೆ ಒಂಬತ್ತು ಗೂಟ ನೆಡಿ: 1789 ಪ್ಯಾರಿಸ್ ಮೇಲೆ, 1815 ಯುರೋಪಿನ ಗಡಿಗಳನ್ನು ಹೊಸದಾಗಿ ಎಳೆದ ಸಭೆ ಸೇರಿದ್ದ ವಿಯೆನ್ನಾ ಮೇಲೆ, 1914 ಸರಾಯೆವೋ ಮೇಲೆ, ಹೀಗೆ. ಎರಡೆರಡು ಗೂಟದ ನಡುವೆ ಬಾಣ ಎಳೆದು ಬಾಣದ ಮೇಲೆ ಒಂದು ‘ಅದಕ್ಕೇ’ ಬರೆಯಿರಿ. ಮೊದಲ ದಿನ ಮೂರು ಬಾಣಕ್ಕೆ ಸಿಕ್ಕಿಹಾಕಿಕೊಳ್ಳುತ್ತೀರಿ. ನನಗೆ ಯಾವಾಗಲೂ ಕೈಕೊಡುತ್ತಿದ್ದದ್ದು 1848ರಿಂದ 1871ಕ್ಕೆ ಹೋಗುವ ಬಾಣ. ಎಲ್ಲಿ ನಿಂತಿರೋ ಆ ಅಧ್ಯಾಯವನ್ನು ಮಾತ್ರ ಅವತ್ತು ರಾತ್ರಿ ತೆಗೆಯಿರಿ, ಮಿಕ್ಕಿದ್ದನ್ನು ಮುಟ್ಟಬೇಡಿ.